ಸ್ಪೋರ್ಟ್ಸ್ ಕಾರಿನ ಕಂಪನಿ ಸ್ಪೀಕರ್ ಬದಲಿಸುವ ಮೊದಲು: ಎಂಎಕ್ಸ್-5 ಕಾರನ್ನು ಮುಂದಿಟ್ಟುಕೊಂಡು ಒಂದು ಹೋಲಿಕೆ

ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರನ್ನು ಕೊಂಡವರು ಮೊದಲ ಕೆಲವು ತಿಂಗಳು ಎಂಜಿನ್ನಿನ ಸದ್ದಿನಲ್ಲೇ ತೃಪ್ತರಾಗಿರುತ್ತಾರೆ. ಆಮೇಲೊಂದು ದಿನ ಟಾಪ್, ಎಂದರೆ ಮಡಿಚುವ ಛಾವಣಿ, ಇಳಿಸಿ ಹೆದ್ದಾರಿಯಲ್ಲಿ ಹೋಗುವಾಗ, ವಾಲ್ಯೂಮನ್ನು ಮುಕ್ಕಾಲು ಭಾಗ ಏರಿಸಿದರೂ ಹಾಡಿನ ಮಾತು ಗಾಳಿಯ ಪಾಲಾಗಿ ಬರಿಯ ಕೀರಲು ಉಳಿದಾಗ, ಕಂಪನಿಯವರು ಕೊಟ್ಟ ಸ್ಪೀಕರನ್ನು ಬದಲಿಸುವ ಯೋಚನೆ ಹುಟ್ಟುತ್ತದೆ. ಯೋಚನೆ ಹುಟ್ಟಿದ್ದೇ ತಡ, ಪ್ರಶ್ನೆಗಳೂ ಸಾಲುಗಟ್ಟುತ್ತವೆ: ಕೊಯಾಕ್ಸಿಯಲ್ ಸಾಕೇ, ಕಾಂಪೊನೆಂಟ್ ಬೇಕೇ, ಸದ್ದಿಗೆ ಶಕ್ತಿ ತುಂಬುವ ಆಂಪ್ಲಿಫೈಯರ್ ಇಲ್ಲದೆ ಏನಾದರೂ ಪ್ರಯೋಜನವಿದೆಯೇ, ಕಂಪನಿಯೇ ಬೋಸ್ ಸಂಸ್ಥೆಯ ಧ್ವನಿವ್ಯವಸ್ಥೆ ಕೊಟ್ಟಿರುವ ಕಾರಿನಲ್ಲಿ ಕೈಯಿಡಬಹುದೇ, ಡಿಕ್ಕಿಯಲ್ಲಿ ಕೆಳಸ್ಥಾಯಿಗೆಂದೇ ಇರುವ ದೊಡ್ಡ ಸ್ಪೀಕರ್, ಸಬ್‌ವೂಫರ್, ಕೂರಿಸಿದರೆ ಸಾಮಾನನ್ನು ಎಲ್ಲಿಡುವುದು? ಅನುಭವಿಗಳನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ, ಏಕೆಂದರೆ ಅವರವರ ಕಾರು ಬೇರೆ, ಓಡಾಡುವ ರಸ್ತೆ ಬೇರೆ.

ಚರ್ಚೆ ಅಮೂರ್ತವಾಗದಿರಲೆಂದು ಒಂದೇ ಕಾರನ್ನು ಎದುರಿಗಿಟ್ಟುಕೊಳ್ಳುತ್ತೇನೆ: ಮಾಜ್ದಾ ಎಂಎಕ್ಸ್-5, ಅಮೆರಿಕದವರ ಬಾಯಲ್ಲಿ ಮಿಯಾಟಾ. 1989ರಲ್ಲಿ ಷಿಕಾಗೊ ಆಟೊ ಷೋದಲ್ಲಿ ಕಾಣಿಸಿಕೊಂಡ ಈ ಕಾರು ಎನ್‌ಎ, ಎನ್‌ಬಿ, ಎನ್‌ಸಿ, ಎನ್‌ಡಿ ಎಂಬ ನಾಲ್ಕು ಪೀಳಿಗೆಗಳನ್ನು ಕಂಡಿದೆ. ಮಾಜ್ದಾ ಭಾರತದಲ್ಲಿ ಕಾರು ಮಾರುವುದಿಲ್ಲವಾದರೂ ಕ್ಯಾಲಿಫೋರ್ನಿಯಾ, ಟೆಕ್ಸಸ್, ಇಂಗ್ಲೆಂಡ್‌ಗಳಲ್ಲಿರುವ ಕನ್ನಡಿಗರಿಗೆ ಕೈಗೆಟಕುವ ಸ್ಪೋರ್ಟ್ಸ್ ಕಾರು ಎಂದರೆ ಬಹುಮಟ್ಟಿಗೆ ಇದೇ. ಬೆಂಗಳೂರಿನಲ್ಲಿ ಪೋರ್ಷೆ ಬಾಕ್ಸ್‌ಸ್ಟರನ್ನೋ ಮಸ್ಟಾಂಗನ್ನೋ ಇಟ್ಟುಕೊಂಡವರಿಗೂ ಲೆಕ್ಕಾಚಾರದ ತಳಹದಿ ಒಂದೇ. ಅವರ ಕಾರುಗಳ ವಿಶೇಷ ತೊಡಕುಗಳನ್ನು ಕೊನೆಯಲ್ಲಿ ಹೇಳಿದ್ದೇನೆ. ನನ್ನದು ಎರಡನೆಯ ಪೀಳಿಗೆಯ ಎನ್‌ಬಿ. ಅದರ ಬಾಗಿಲುಗಳನ್ನು ನಾನು ಅಗತ್ಯಕ್ಕಿಂತ ಹೆಚ್ಚು ಸಲ ಬಿಚ್ಚಿದ್ದೇನೆ.

ಯಾವುದರಿಂದ ಅಳೆಯಬೇಕು

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ನೀವು ಸಂಗೀತವನ್ನು ಕೇಳುವುದು ಯಾವ ಸ್ಥಿತಿಯಲ್ಲಿ ಎಂಬುದನ್ನು. ಟಾಪ್ ಮುಚ್ಚಿಕೊಂಡು ಊರೊಳಗೆ ಓಡಾಡುವವರಿಗೂ ಟಾಪ್ ತೆರೆದು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹೋಗುವವರಿಗೂ ಬೇಕಾದ ವ್ಯವಸ್ಥೆ ಒಂದೇ ಆಗಿರಲಾರದು. ತೆರೆದ ಕಾರು ಆ ವೇಗದಲ್ಲಿರುವಾಗ ಕಿವಿಯ ಬಳಿಯ ಗದ್ದಲ 85 ಡೆಸಿಬಲ್ ದಾಟುವುದು ಸಾಮಾನ್ಯ, ಮತ್ತು ಗಾಳಿ ಹಾಗೂ ಟೈರುಗಳ ಈ ಗದ್ದಲದಲ್ಲಿ ಕೆಳಸ್ಥಾಯಿಯ ಸದ್ದೇ ಹೆಚ್ಚಾಗಿರುವುದರಿಂದ ಅದು ಮೊದಲು ನುಂಗುವುದು ಮೃದಂಗದ ಎಡಭಾಗದ ಗುಮುಕನ್ನು, ತಂಬೂರಿಯ ಮಂದ್ರವನ್ನು. ಇದರ ಮೇಲೆ ಇನ್ನೊಂದು ಪೆಟ್ಟು ಇದೆ. ಮುಚ್ಚಿದ ಪುಟ್ಟ ಕ್ಯಾಬಿನ್ ತನ್ನ ಗಾತ್ರದಿಂದಲೇ ಕೆಳಸ್ಥಾಯಿಯನ್ನು ಹಿಗ್ಗಿಸಿ ಕೇಳಿಸುತ್ತದೆ; ಟಾಪ್ ತೆರೆದ ಕ್ಷಣವೇ ಆ ಸಹಾಯ ಇಲ್ಲವಾಗುತ್ತದೆ. ಅಂಗಡಿಯೊಳಗೆ ಟಾಪ್ ಮುಚ್ಚಿ ಕೇಳಿ ಮೆಚ್ಚಿಕೊಂಡ ಸ್ಪೀಕರ್ ಹೆದ್ದಾರಿಯಲ್ಲಿ ಸಪ್ಪೆಯಾಗುವುದು ಇದರಿಂದಲೇ.

ಎರಡನೆಯ ಅಳತೆ ಶಕ್ತಿಯದು. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಏಕೆಂದರೆ ಹಣ ಹೆಚ್ಚು ಪೋಲಾಗುವುದು ಈ ಜಾಗದಲ್ಲಿ. ಎಂಜಿನ್ ಓಡುತ್ತಿರುವಾಗ ಕಾರಿನ ವಿದ್ಯುತ್ ವ್ಯವಸ್ಥೆಯಲ್ಲಿ ಇರುವುದು 14.4 ವೋಲ್ಟಿನ ಆಸುಪಾಸು. ಸ್ಟೀರಿಯೊದ ಒಳಗಿರುವ ಚಿಪ್ಪು ಆ ವೋಲ್ಟೇಜನ್ನು ಪೂರ್ತಿಯಾಗಿ ಬಳಸಿಕೊಂಡರೂ 4 ಓಮ್‌ನ (ಓಮ್ ಎಂದರೆ ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಸ್ಪೀಕರಿಗೆ ಶುದ್ಧ ಅಲೆಯ ರೂಪದಲ್ಲಿ ತಲುಪಿಸಬಹುದಾದದ್ದು 26 ವಾಟ್. ನಷ್ಟಗಳನ್ನು ಕಳೆದರೆ ಉಳಿಯುವುದು 18ರಿಂದ 20. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ‘50 ವಾಟ್ × 4’ ಎಂಬುದು 14.4ನ್ನು 14.4ರಿಂದ ಗುಣಿಸಿ 4ರಿಂದ ಭಾಗಿಸಿದಾಗ ಬರುವ ಸಂಖ್ಯೆ, ಎಂದರೆ ಅಲೆ ಪೂರ್ತಿ ಒಡೆದು ಚೌಕವಾದಾಗಿನ ಶಕ್ತಿ. ಆ ಸ್ಥಿತಿಯಲ್ಲಿ ಯಾರೂ ಸಂಗೀತ ಕೇಳಲಾರರು, ತಾರಸ್ಥಾಯಿಯನ್ನು ನುಡಿಸುವ ಪುಟ್ಟ ಸ್ಪೀಕರ್, ಟ್ವೀಟರ್, ಕೂಡ ಬಹಳ ಹೊತ್ತು ತಾಳಿಕೊಳ್ಳಲಾರದು.

ಈಗ ಅದನ್ನು ಗದ್ದಲಕ್ಕೆ ಹೋಲಿಸಿ. 85 ಡೆಸಿಬಲ್ ಗದ್ದಲದ ಮೇಲೆ ಹಾಡು ಸ್ಪಷ್ಟವಾಗಬೇಕಾದರೆ ಅದರ ಸರಾಸರಿ ಮಟ್ಟ 90ರ ಹತ್ತಿರ ಇರಬೇಕು. ತಾಳದ ಪೆಟ್ಟುಗಳು ಅದಕ್ಕಿಂತ ಸುಮಾರು 10 ಡೆಸಿಬಲ್ ಮೇಲಕ್ಕೆ ಜಿಗಿಯುತ್ತವೆ. ಒಂದು ವಾಟ್‌ಗೆ, ಒಂದು ಮೀಟರ್ ದೂರದಲ್ಲಿ, 88 ಡೆಸಿಬಲ್ ಕೊಡುವ ಸಾಧಾರಣ ಸ್ಪೀಕರ್ 20 ವಾಟ್‌ನಲ್ಲಿ 101 ಕೊಡುತ್ತದೆ. ಎಂದರೆ ಕಂಪನಿ ಸ್ಟೀರಿಯೊ ಆ ಹಂತದಲ್ಲಿ ತನ್ನ ಮಿತಿಯ ಅಂಚಿನಲ್ಲಿ ನಿಂತಿರುತ್ತದೆ, ಮತ್ತು ನೀವು ಕೇಳುವ ಕೀರಲು ಅನೇಕ ಸಲ ಸ್ಪೀಕರಿನದಲ್ಲ, ಉಸಿರುಗಟ್ಟಿದ ಆಂಪಿನದು, ಎಂದರೆ ಆಂಪ್ಲಿಫೈಯರಿನದು. ಪ್ರತಿ 3 ಡೆಸಿಬಲ್‌ಗೆ ಶಕ್ತಿ ಇಮ್ಮಡಿಯಾಗಬೇಕು ಎಂಬುದನ್ನು ನೆನಪಿಟ್ಟರೆ, ಸ್ಪೀಕರಿನ ಸೆನ್ಸಿಟಿವಿಟಿ ಎಂಬ ಒಂದು ಸಂಖ್ಯೆ ಎಷ್ಟು ಮುಖ್ಯವೆಂದು ತಿಳಿಯುತ್ತದೆ: 86ರ ಸ್ಪೀಕರಿಗೆ 80 ವಾಟ್ ಬೇಕಾದ ಕೆಲಸವನ್ನು 92ರ ಸ್ಪೀಕರ್ 20 ವಾಟ್‌ನಲ್ಲಿ ಮಾಡುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಈ ಸಂಖ್ಯೆಯನ್ನು ಕೆಲವರು 1 ವಾಟ್‌ಗೆ ಅಳೆಯುತ್ತಾರೆ, ಕೆಲವರು 2.83 ವೋಲ್ಟಿಗೆ. 4 ಓಮ್ ಸ್ಪೀಕರಿಗೆ 2.83 ವೋಲ್ಟ್ ಎಂದರೆ 2 ವಾಟ್; ಹಾಗೆ ಅಳೆದ ಸಂಖ್ಯೆ ಕಾಗದದ ಮೇಲೆ 3 ಡೆಸಿಬಲ್ ಹೆಚ್ಚು ಕಾಣುತ್ತದೆ.

ಮೂರನೆಯದು ಬಾಗಿಲು. ಮನೆಯ ಸ್ಪೀಕರಿಗೆ ಮರದ ಪೆಟ್ಟಿಗೆ ಇರುವಂತೆ ಕಾರಿನ ಸ್ಪೀಕರಿಗೆ ಬಾಗಿಲೇ ಪೆಟ್ಟಿಗೆ, ಆದರೆ ತೂತುಗಳಿಂದ ತುಂಬಿದ, ತೆಳು ತಗಡಿನ, ಒಳಗೆ ಗಾಜು ಇಳಿಯುವ, ಮಳೆನೀರು ಹರಿಯುವ ಪೆಟ್ಟಿಗೆ. ಸ್ಪೀಕರಿನಲ್ಲಿ ಅದುರಿ ಸದ್ದು ಹೊರಡಿಸುವ ಕೋನಿನ ಹಿಂಬದಿಯ ಅಲೆ ಆ ತೂತುಗಳಿಂದ ನುಸುಳಿ ಮುಂಬದಿಯ ಅಲೆಯನ್ನು ಕೆಳಸ್ಥಾಯಿಯಲ್ಲಿ ಅಳಿಸಿಹಾಕುತ್ತದೆ. ಉಳಿದ ಅಳತೆಗಳಾದ ತೂಕ, ಜಾಗ, ನೀರು, ಮತ್ತು ನಾಳೆ ಕಾರು ಮಾರುವಾಗ ಎಲ್ಲವನ್ನೂ ಮೊದಲಿನಂತೆ ಮಾಡಬಹುದೇ ಎಂಬ ಪ್ರಶ್ನೆಯನ್ನು ಆಯಾ ಆಯ್ಕೆಯ ಜೊತೆಗೇ ನೋಡೋಣ.

ಸ್ಪೀಕರ್ ಬದಲಿಸದೆಯೇ ಮಾಡಬಹುದಾದದ್ದು

ಅತ್ಯಂತ ಅಗ್ಗದ ಆಯ್ಕೆಯೇ ಅತ್ಯಂತ ಕಡೆಗಣಿತವಾದದ್ದು. ಬಾಗಿಲಿನ ಹೊರತಗಡಿನ ಒಳಮೈಗೆ ಬ್ಯುಟೈಲ್ ರಬ್ಬರಿನ ಡ್ಯಾಂಪಿಂಗ್ ಶೀಟ್ ಅಂಟಿಸಿ, ಒಳತಗಡಿನ ದೊಡ್ಡ ತೂತುಗಳನ್ನು ಮುಚ್ಚಿ, ಸ್ಪೀಕರಿಗೂ ಬಾಗಿಲಿನ ಪ್ಯಾನೆಲಿಗೂ ನಡುವಿನ ಸಂದನ್ನು ಫೋಮ್ ಉಂಗುರದಿಂದ ತುಂಬಿದರೆ, ಅದೇ ಹಳೆಯ ಸ್ಪೀಕರಿನಿಂದ ಇದುವರೆಗೆ ಕೇಳಿರದ ಕೆಳಸ್ಥಾಯಿ ಹೊರಡುತ್ತದೆ. ಶೀಟು ತಗಡನ್ನು ಪೂರ್ತಿ ಮುಚ್ಚಬೇಕಾಗಿಲ್ಲ. ಕಾಲು ಭಾಗ ಮುಚ್ಚಿದರೂ ಕಂಪನ ಬಹುಪಾಲು ಅಡಗುತ್ತದೆ. ಇಂಥ ಒಳ್ಳೆಯ ಶೀಟು ಚದರ ಮೀಟರಿಗೆ ಎರಡು ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುವುದರಿಂದ ಎರಡೂ ಬಾಗಿಲಿಗೆ ಸೇರಿ ಎರಡು ಮೂರು ಕಿಲೋ ಏರುತ್ತದೆ. ಅಮೆರಿಕದಲ್ಲಿ ಮಾರಾಟವಾದ ಎನ್‌ಡಿಯ ತೂಕ ಸುಮಾರು 1,060 ಕಿಲೋ. ಒಂದೊಂದು ಕಿಲೋ ಇಳಿಸಲು ಎಂಜಿನಿಯರುಗಳು ಶ್ರಮಿಸಿದ ಕಾರಿಗೆ ತೂಕ ಹೇರುವುದು ಕೆಲವರಿಗೆ ಸಂಕಟದ ವಿಷಯ, ಆದರೆ ಎರಡು ಕಿಲೋ ಎಂದರೆ ಪೆಟ್ರೋಲ್ ಟ್ಯಾಂಕಿನಲ್ಲಿ ಮೂರು ಲೀಟರ್ ಹೆಚ್ಚಿದ್ದಂತೆ, ಅಷ್ಟೇ.

ಇಷ್ಟಕ್ಕೆ ಬೇಕಾದದ್ದು 60ರಿಂದ 100 ಡಾಲರ್ ಮತ್ತು ಒಂದು ಶನಿವಾರ. ಟಾಪ್ ಮುಚ್ಚಿಕೊಂಡೇ ಹೆಚ್ಚು ಓಡಾಡುವ, ಎನ್‌ಸಿ ಅಥವಾ ಎನ್‌ಡಿ ಹೊಂದಿರುವ ಅನೇಕರು ಇಲ್ಲಿಗೇ ನಿಲ್ಲಿಸಬಹುದೆಂಬುದು ನನ್ನ ಅಭಿಪ್ರಾಯ. ಎನ್‌ಎ, ಎನ್‌ಬಿಗಳ ಮಾತು ಬೇರೆ. ಇಪ್ಪತ್ತು ಮೂವತ್ತು ವರ್ಷದ ಬಿಸಿಲು ತಿಂದ ಸ್ಪೀಕರಿನ ಅಂಚು ಬೆರಳು ತಾಗಿದರೆ ಪುಡಿಯಾಗುವ ಸ್ಥಿತಿಯಲ್ಲಿರುತ್ತದೆ, ಅದಕ್ಕೆ ಬದಲಿಯೇ ಮದ್ದು.

ಕೊಯಾಕ್ಸಿಯಲ್ಲೋ ಕಾಂಪೊನೆಂಟೋ

ಕೆಳಗಿನ ಮತ್ತು ನಡುವಿನ ಸ್ಥಾಯಿಗಳನ್ನು ನುಡಿಸುವ ವೂಫರಿನ ನಡುವೆಯೇ ಟ್ವೀಟರ್ ಕೂರಿಸಿರುವುದು ಕೊಯಾಕ್ಸಿಯಲ್. ಹಳೆಯದನ್ನು ತೆಗೆದು ಇದನ್ನು ಕೂರಿಸಿದರೆ ಕೆಲಸ ಮುಗಿಯಿತು. ಎನ್‌ಎ, ಎನ್‌ಬಿ ಬಾಗಿಲುಗಳಿಗೆ 6.5 ಇಂಚಿನವು ಒಗ್ಗುತ್ತವೆ, 60ರಿಂದ 150 ಡಾಲರಿಗೆ ಒಳ್ಳೆಯ ಜೋಡಿ ದೊರೆಯುತ್ತದೆ. ಕಾಂಪೊನೆಂಟ್ ಸೆಟ್ಟಿನಲ್ಲಿ ವೂಫರ್ ಬೇರೆ, ಟ್ವೀಟರ್ ಬೇರೆ, ಎರಡರ ನಡುವೆ ಸ್ವರಗಳನ್ನು ಹಂಚುವ ಕ್ರಾಸ್‌ಓವರ್ ಬೇರೆ. ಬೆಲೆ 200ರಿಂದ ಆರಂಭವಾಗಿ 600 ದಾಟುತ್ತದೆ.

ದೊಡ್ಡ ಸೆಡಾನಿನಲ್ಲಿ ಇವೆರಡರ ನಡುವಿನ ಅಂತರ ಬೆಲೆಯಷ್ಟು ದೊಡ್ಡದಲ್ಲ. ಎಂಎಕ್ಸ್-5ರಂಥ ತಗ್ಗಾದ ಕಾರಿನಲ್ಲಿ ಮಾತ್ರ ಅದು ದೊಡ್ಡದು, ಏಕೆಂದರೆ ಬಾಗಿಲಿನ ಸ್ಪೀಕರ್ ಇರುವುದು ಮೊಳಕಾಲಿನಿಂದ ಕೆಳಗೆ, ಅದರ ಮುಖ ತಿರುಗಿರುವುದು ಎದುರು ಕಾಲಿನ ಕಡೆಗೆ. ಕೆಳಸ್ಥಾಯಿಯ ಸದ್ದು ಅಡ್ಡಿಗಳನ್ನು ಬಳಸಿಕೊಂಡು ಬರುತ್ತದೆ, ತಾರಸ್ಥಾಯಿಯದು ನೇರವಾಗಿ ಹೋಗುತ್ತದೆ. ಕೊಯಾಕ್ಸಿಯಲ್ಲಿನ ಟ್ವೀಟರ್ ಹೊರಡಿಸುವ ಕಂಜೀರದ ಗೆಜ್ಜೆಯ ನಾದವನ್ನು ನಿಮ್ಮ ಪ್ಯಾಂಟೇ ಹೀರಿಕೊಳ್ಳುತ್ತದೆ. ಕಾಂಪೊನೆಂಟಿನ ಟ್ವೀಟರನ್ನು ಪಕ್ಕದ ಕನ್ನಡಿಯ ಬುಡದಲ್ಲಿರುವ ತ್ರಿಕೋನದಲ್ಲೋ ಡ್ಯಾಶ್‌ಬೋರ್ಡಿನ ಮೂಲೆಯಲ್ಲೋ ಕೂರಿಸಿದಾಗ ಹಾಡುಗಾರ ಪಾದದ ಬಳಿಯಿಂದ ಎದ್ದುಬಂದು ಗಾಜಿನ ಎದುರು ಕೂತಂತೆ ಭಾಸವಾಗುತ್ತದೆ. ಮಾತು, ಗಮಕ, ಹರಿಕಥೆ, ಭಾವಗೀತೆಗಳನ್ನು ಹೆಚ್ಚಾಗಿ ಕೇಳುವವರಿಗೆ ಈ ಒಂದು ಬದಲಾವಣೆ ಸಬ್‌ವೂಫರಿಗಿಂತ ಹೆಚ್ಚು ಸುಖ ಕೊಡುತ್ತದೆ. ಪ್ರತಿಯಾಗಿ ನೀವು ಕೊಡಬೇಕಾದದ್ದು ಹೆಚ್ಚಿನ ಶ್ರಮ, ಕ್ರಾಸ್‌ಓವರ್ ಡಬ್ಬಿಗೆ ನೀರು ತಾಗದ ಒಂದು ಜಾಗ, ಮತ್ತು ಒಮ್ಮೊಮ್ಮೆ ಕೊರೆಯಲೇಬೇಕಾದ ಒಂದು ತೂತು. ಆ ತೂತು ಮಾರಾಟದ ದಿನ ಮಾತಾಡುತ್ತದೆ. ಮೂಲ ಸ್ಥಿತಿಯ ಎನ್‌ಎ ಇಟ್ಟುಕೊಂಡವರು ಟ್ವೀಟರನ್ನು ಅಂಟಿಸುವ ಗೂಡುಗಳಲ್ಲಿ ಕೂರಿಸಿ, ತಂತಿಯನ್ನು ಕತ್ತರಿಸದೆ ಮೆಟ್ರಾದಂಥ ಸಂಸ್ಥೆಗಳು ಮಾರುವ ಕನೆಕ್ಟರ್ ಜೋಡಿಸಿ, ಹಳೆಯ ಸ್ಪೀಕರುಗಳನ್ನು ಅಟ್ಟದ ಮೇಲೆ ಜೋಪಾನವಾಗಿಡುವುದು ಒಳ್ಳೆಯದು.

ತಯಾರಕರಲ್ಲಿ ಫ್ರಾನ್ಸಿನ ಫೋಕಲ್, ಇಟಲಿಯ ಹರ್ಟ್ಜ್, ಇಸ್ರೇಲಿನ ಮೊರೆಲ್, ಜಪಾನಿನ ಆಲ್ಪೈನ್ ಮತ್ತು ಪಯೊನಿಯರ್, ಅಮೆರಿಕದ ಜೆಬಿಎಲ್, ಇನ್ಫಿನಿಟಿ, ಜೆಎಲ್ ಆಡಿಯೊ ಎಲ್ಲರೂ ಹೆಸರುವಾಸಿ. ಕಂಪನಿ ಸ್ಟೀರಿಯೊವನ್ನೇ ಉಳಿಸಿಕೊಳ್ಳುವವರು ಹೆಸರಿಗಿಂತ ಮೊದಲು ಓಮ್ ನೋಡಬೇಕು. ಜೆಬಿಎಲ್, ಇನ್ಫಿನಿಟಿಗಳ ಅನೇಕ ಮಾದರಿಗಳು 3 ಓಮ್ ಆಸುಪಾಸಿನವು, ಸಣ್ಣ ಸ್ಟೀರಿಯೊದಿಂದಲೂ ಸ್ವಲ್ಪ ಹೆಚ್ಚು ಶಕ್ತಿ ಎಳೆದುಕೊಳ್ಳುತ್ತವೆ, ಸೆನ್ಸಿಟಿವಿಟಿಯೂ ಹೆಚ್ಚು. ಭಾರವಾದ ಕೋನಿನ ದುಬಾರಿ ಸೆಟ್ಟುಗಳು 20 ವಾಟ್‌ನಲ್ಲಿ ಕಂಪನಿ ಸ್ಪೀಕರಿಗಿಂತ ಮೆತ್ತಗೆ ಕೇಳಿಸುವುದುಂಟು; 500 ಡಾಲರ್ ಕೊಟ್ಟವರು ಮೋಸಹೋದೆವೆಂದುಕೊಳ್ಳುವುದು ಆಗಲೇ.

ನೀರಿನ ಬಗ್ಗೆ ಒಂದು ಸ್ವಂತ ತಪ್ಪನ್ನು ಹೇಳಿಬಿಡುತ್ತೇನೆ. ಸ್ಪೀಕರನ್ನು ಗಾಜಿಗೆ ತಾಗದಂತೆ ಹೊರಕ್ಕೆ ತರಲು ಅಡಿಯಲ್ಲೊಂದು ಉಂಗುರ ಬೇಕಾಗುತ್ತದೆ. ನಾನು ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯನ್ನು ಚೆಂದವಾಗಿ ದುಂಡಗೆ ಕತ್ತರಿಸಿ ಹಾಕಿದೆ. ಒಂದೇ ಚಳಿಗಾಲದ ಮಳೆಗೆ ಅದು ನೆನೆದ ರಸ್ಕಿನಂತೆ ಉಬ್ಬಿ ಸ್ಕ್ರೂಗಳನ್ನು ಹೊರಕ್ಕೆ ತಳ್ಳಿತು. ಬಾಗಿಲಿನೊಳಗೆ ನೀರು ಇಳಿಯುವುದು ದೋಷವಲ್ಲ, ಅದು ಇಳಿದು ತಳದ ರಂಧ್ರಗಳಿಂದ ಹೊರಹೋಗಲೆಂದೇ ಬಾಗಿಲನ್ನು ಮಾಡಿರುತ್ತಾರೆ. ಆದ್ದರಿಂದ ಉಂಗುರ ಪ್ಲಾಸ್ಟಿಕ್ಕಿನದೇ ಇರಲಿ, ಕೋನು ಕಾಗದದ್ದಕ್ಕಿಂತ ಪಾಲಿಪ್ರೊಪಿಲೀನಿನದಿರಲಿ. ಕಾರನ್ನು ಬಯಲಲ್ಲೇ ನಿಲ್ಲಿಸುವವರು ಮತ್ತು ಕಡಲ ಹತ್ತಿರ ಇರುವವರು ದೋಣಿಗಳಿಗೆಂದು ಮಾಡಿದ ಮರೈನ್ ಸ್ಪೀಕರುಗಳನ್ನು ಗಂಭೀರವಾಗಿ ಪರಿಗಣಿಸಬಹುದು. ಬಿಸಿಲು, ಉಪ್ಪುಗಾಳಿಗಳನ್ನು ತಾಳಿಕೊಳ್ಳುವ ಇವು ಗದ್ದಲದ ನಡುವೆ ಜೋರಾಗಿ ಕೇಳಿಸಲೆಂದೇ ರೂಪುಗೊಂಡವು. ನಾದದ ಸೂಕ್ಷ್ಮತೆಯಲ್ಲಿ ಒಂದು ಮೆಟ್ಟಿಲು ಕೆಳಗೆ, ಆಯುಷ್ಯದಲ್ಲಿ ಎರಡು ಮೆಟ್ಟಿಲು ಮೇಲೆ.

ಆಂಪ್ಲಿಫೈಯರ್

ಟಾಪ್ ತೆರೆದು ಹೆದ್ದಾರಿಯಲ್ಲಿ ಓಡಾಡುವವರಿಗೆ 300 ಡಾಲರ್ ಮಾತ್ರ ಇದ್ದರೆ, ಅದನ್ನು 300 ಡಾಲರಿನ ಸ್ಪೀಕರಿಗೆ ಸುರಿಯುವ ಬದಲು 100 ಡಾಲರಿನ ಸ್ಪೀಕರ್ ಮತ್ತು 200 ಡಾಲರಿನ ಸಣ್ಣ ಆಂಪಿಗೆ ಹಂಚಿರೆಂದು ನಾನು ಹೇಳುತ್ತೇನೆ. ಅದೇ 88 ಡೆಸಿಬಲ್ ಸ್ಪೀಕರ್ 60 ವಾಟ್‌ನಲ್ಲಿ ಸುಮಾರು 106ಕ್ಕೆ ಏರುತ್ತದೆ. ಈ ಐದು ಡೆಸಿಬಲ್ ಇರುವುದು ಇನ್ನಷ್ಟು ಜೋರು ಮಾಡುವುದಕ್ಕಲ್ಲ. ಅದೇ ಜೋರಿನಲ್ಲಿ ಪೆಟ್ಟುಗಳು ಒಡೆಯದೆ ಬರುವುದಕ್ಕೆ. ಶಕ್ತಿಯನ್ನು ಬಿಸಿಯಾಗಿ ಹೆಚ್ಚು ಪೋಲು ಮಾಡದ ಕ್ಲಾಸ್ ಡಿ ಬಗೆಯ ಆಂಪುಗಳು ಈಗ ಅಂಗೈಗಿಂತ ಸ್ವಲ್ಪ ದೊಡ್ಡವಷ್ಟೆ, ಡ್ಯಾಶ್‌ಬೋರ್ಡಿನ ಹಿಂದೆ ಅಥವಾ ಸೀಟಿನ ಹಿಂಬದಿಯ ಗೂಡಿನಲ್ಲಿ ಅಡಗುತ್ತವೆ. 60 ವಾಟ್‌ನ ನಾಲ್ಕು ಚಾನೆಲುಗಳು ಪೂರ್ತಿ ದುಡಿದರೂ ಎಳೆಯುವುದು ಇಪ್ಪತ್ತೊಂದು ಇಪ್ಪತ್ತೆರಡು ಆಂಪಿಯರ್. ಎಂಟು ಗೇಜಿನ ತಾಮ್ರದ ತಂತಿ ಸಾಕು, ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ ಫ್ಯೂಸ್ ಇರಲೇಬೇಕು. ಎನ್‌ಎ, ಎನ್‌ಬಿಗಳಲ್ಲಿ ಬ್ಯಾಟರಿ ಇರುವುದೇ ಡಿಕ್ಕಿಯಲ್ಲಿ, ಹಾಗಾಗಿ ಆಂಪನ್ನೂ ಅಲ್ಲಿಯೇ ಇಟ್ಟರೆ ವಿದ್ಯುತ್ ತಂತಿ ಮೊಳದುದ್ದ ಸಾಕಾಗುತ್ತದೆ.

ಹಳೆಯ ಎರಡು ಪೀಳಿಗೆಗಳಿಗೆ ಇನ್ನೊಂದು ಅನುಕೂಲವೂ ಇದೆ. ಅವುಗಳ ಸ್ಟೀರಿಯೊ ಡಿನ್ ಎಂಬ ಪ್ರಮಾಣಿತ ಅಳತೆಯದು, ತೆಗೆದು ಹೊಸದನ್ನು ಕೂರಿಸುವುದು ಸುಲಭ, ಆಂಪಿಗೆ ಬೇಕಾದ ಶುದ್ಧ ಸಂಕೇತ ಅದರ ಹಿಂಬದಿಯಿಂದಲೇ ಸಿಗುತ್ತದೆ. ಎನ್‌ಡಿಯಲ್ಲಿ ಪರದೆ ಕಾರಿನ ಇತರ ವ್ಯವಸ್ಥೆಗಳೊಂದಿಗೆ ಹೆಣೆದುಕೊಂಡಿರುವುದರಿಂದ ಅದನ್ನು ಉಳಿಸಿಕೊಂಡು, ಸ್ಪೀಕರಿಗೆ ಹೋಗುವ ತಂತಿಯಿಂದಲೇ ಸಂಕೇತ ಪಡೆಯಬೇಕಾಗುತ್ತದೆ.

ತಲೆದಿಂಬಿನ ಸ್ಪೀಕರ್ ಮತ್ತು ಸಬ್‌ವೂಫರ್

ಎಂಎಕ್ಸ್-5ರ ಮೊದಲ ಪೀಳಿಗೆಯಲ್ಲೇ ಕೆಲವು ಕಾರುಗಳ ಸೀಟಿನ ತಲೆದಿಂಬಿನೊಳಗೆ ಪುಟ್ಟ ಸ್ಪೀಕರುಗಳಿದ್ದವು. ಎನ್‌ಡಿಯ ಒಂಬತ್ತು ಸ್ಪೀಕರುಗಳ ಬೋಸ್ ವ್ಯವಸ್ಥೆಯಲ್ಲಿಯೂ ಅವು ಇವೆ. ಇದನ್ನು ಆಟಿಕೆಯೆಂದು ತಳ್ಳಿಹಾಕುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಸದ್ದಿನ ಮೂಲದ ದೂರ ಅರ್ಧವಾದರೆ ಕಿವಿಗೆ 6 ಡೆಸಿಬಲ್ ಹೆಚ್ಚು ತಲುಪುತ್ತದೆ. ಒಂದು ಮೀಟರ್ ದೂರದ ಬಾಗಿಲಿನಿಂದ ಹದಿನೈದು ಸೆಂಟಿಮೀಟರ್ ದೂರದ ತಲೆದಿಂಬಿಗೆ ಬಂದರೆ ಸಿಗುವ ಲಾಭ 16 ಡೆಸಿಬಲ್ಲಿಗೂ ಹೆಚ್ಚು, ಎಂದರೆ ಶಕ್ತಿಯಲ್ಲಿ ನಲವತ್ತು ಪಟ್ಟು. ಪುಟ್ಟ ಸ್ಪೀಕರಿನ ದೌರ್ಬಲ್ಯಕ್ಕೆ 6 ಡೆಸಿಬಲ್ ಕಳೆದರೂ ಹತ್ತು ಉಳಿಯುತ್ತದೆ. ಹಾಡುಗಾರ ತಲೆಯ ಹಿಂದೆ ಕೂತಂತೆ ಕೇಳಿಸುವುದು ಇದರ ದೋಷ. ಬಾಗಿಲಿನವು ಮುಂದೆ, ಇವು ಸ್ವಲ್ಪ ಮೆಲ್ಲಗೆ ಎಂದು ಫೇಡರ್ (ಮುಂದಿನ ಹಿಂದಿನ ಸ್ಪೀಕರುಗಳಿಗೆ ಸದ್ದನ್ನು ಹಂಚುವ ಗುಂಡಿ) ಹೊಂದಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ತೆರೆದ ಕಾರಿನಲ್ಲಿ ದೂರವಾಣಿ ಕರೆಗಳನ್ನೂ ಮಾತಿನ ಕಾರ್ಯಕ್ರಮಗಳನ್ನೂ ಕೇಳುವವರಿಗೆ ಇದಕ್ಕಿಂತ ಮಿತವ್ಯಯದ ದಾರಿ ನನಗೆ ಕಂಡಿಲ್ಲ. ಕಿವಿಯ ಮೇಲೆ ಕನಿಕರ ಮಾತ್ರ ಇರಲಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಎಂಟು ಗಂಟೆಗೆ ಹೇಳುವ ಮಿತಿ 85 ಡೆಸಿಬಲ್. ಪ್ರತಿ 3 ಏರಿದಂತೆ ಅವಧಿ ಅರ್ಧವಾಗುತ್ತದೆ, 91ಕ್ಕೆ ಎರಡೇ ಗಂಟೆ.

ಸಬ್‌ವೂಫರ್ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ರುಚಿಸದಿರಬಹುದು. ಎನ್‌ಡಿಯ ಡಿಕ್ಕಿ 130 ಲೀಟರ್. ಹತ್ತು ಇಂಚಿನ ಮುಚ್ಚಿದ ಪೆಟ್ಟಿಗೆ ಹೊರ ಅಳತೆಯಲ್ಲಿ ಅದರ ಐದನೆಯ ಒಂದು ಭಾಗವನ್ನು ತಿನ್ನುತ್ತದೆ, ಹತ್ತು ಹನ್ನೆರಡು ಕಿಲೋ ತೂಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ಕಾರಿನಲ್ಲಿ ಡಿಕ್ಕಿಗೂ ಕ್ಯಾಬಿನ್ನಿಗೂ ನಡುವೆ ಉಕ್ಕಿನ ಗೋಡೆಯಿದೆ. ಟಾಪ್ ತೆರೆದಾಗ ಆ ಗುಡುಗು ಹಿಂದಿನ ಕಾರಿನವರಿಗೆ ತಲುಪುತ್ತದೆಯೇ ಹೊರತು ನಿಮಗಲ್ಲ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಸೀಟುಗಳು ನೆಲಕ್ಕೆ ಅಂಟಿದಂತಿರುವುದರಿಂದ ಸೀಟಿನಡಿಗೆ ತೂರಿಸುವ ಚಪ್ಪಟೆ ಸಬ್‌ವೂಫರುಗಳಿಗೂ ಜಾಗವಿಲ್ಲ. ಉಳಿಯುವುದು ಪಕ್ಕದವರ ಪಾದದ ಬಳಿಯ ಜಾಗ. ಆಂಪನ್ನು ಒಳಗೇ ಹೊಂದಿರುವ, ನಾಲ್ಕೈದು ಕಿಲೋ ತೂಗುವ ಎಂಟು ಇಂಚಿನ ಡಬ್ಬಿಯನ್ನು ಅಲ್ಲಿ ಒರಗಿಸಿದರೆ ನೆಲದ ಮೂಲಕ ಬೆನ್ನಿಗೆ ತಾಗುವ ಕಂಪನವಾದರೂ ದಕ್ಕುತ್ತದೆ. ಪಕ್ಕದಲ್ಲಿ ಕೂರುವವರು ಕಾಲು ಮಡಿಸಿಕೊಳ್ಳಲು ಒಪ್ಪಬೇಕು, ಆ ಮಾತುಕತೆಯನ್ನು ಮನೆಯಲ್ಲೇ ಮುಗಿಸಿಕೊಳ್ಳಿ. ಟಾಪ್ ಮುಚ್ಚಿಯೇ ಓಡಾಡುವವರಿಗೆ, ಗಟ್ಟಿ ಮೇಲ್ಛಾವಣಿಯ ಆರ್‌ಎಫ್ ಮಾದರಿಯವರಿಗೆ, ಟೊಯೊಟಾ ಜಿಆರ್86ನಂಥ ಮುಚ್ಚಿದ ಕೂಪೆಯವರಿಗೆ ಇದೇ ಖರ್ಚು ಸಾರ್ಥಕ.

ಬೋಸ್ ಇರುವ ಕಾರು

ಕಂಪನಿಯಿಂದಲೇ ಬೋಸ್ ಬಂದಿರುವ ಕಾರಿನಲ್ಲಿ ಬಾಗಿಲಿನ ಎರಡು ಸ್ಪೀಕರನ್ನಷ್ಟೇ ಬದಲಿಸುವುದು, ಇರುವ ಆಯ್ಕೆಗಳಲ್ಲಿ ಕೆಟ್ಟದ್ದು. ಬೋಸ್ ತನ್ನ ಆಂಪನ್ನು ತನ್ನ ಸ್ಪೀಕರುಗಳಿಗೆಂದೇ ಹೊಂದಿಸಿರುತ್ತದೆ. ಆ ಸ್ಪೀಕರುಗಳ ಓಮ್ ಸಾಮಾನ್ಯವಾಗಿ 4ಕ್ಕಿಂತ ಕಡಿಮೆ, ಅವುಗಳ ಓರೆಕೋರೆಗಳನ್ನು ಸರಿದೂಗಿಸುವ ತಿದ್ದುಪಡಿ ಆಂಪಿನೊಳಗೇ ಕೂತಿರುತ್ತದೆ, ಟಾಪ್ ಮೇಲಿದೆಯೋ ಕೆಳಗಿದೆಯೋ ಎಂಬುದಕ್ಕೆ ತಕ್ಕಂತೆಯೂ ಅದು ಬದಲಾಗುತ್ತದೆ. ಆ ತಿದ್ದುಪಡಿಯನ್ನು ಬೇರೆ ಸ್ಪೀಕರಿನ ಮೇಲೆ ಹೇರಿದರೆ, ಒಬ್ಬರ ಕನ್ನಡಕವನ್ನು ಇನ್ನೊಬ್ಬರು ಹಾಕಿಕೊಂಡಂತೆ. 4 ಓಮಿನ ಹೊಸ ಸ್ಪೀಕರ್ ಮೊದಲಿನದಕ್ಕಿಂತ ಮೆತ್ತಗೂ ಕೇಳಿಸುತ್ತದೆ.

ಆದ್ದರಿಂದ ಬೋಸ್ ಇದ್ದವರಿಗೆ ದಾರಿ ಎರಡೇ. ಬಾಗಿಲಿನ ಡ್ಯಾಂಪಿಂಗ್ ಮಾಡಿಸಿ ಸುಮ್ಮನಾಗುವುದು ಒಂದು. ಇಲ್ಲವೇ, ಕಂಪನಿ ಆಂಪನ್ನು ಬದಿಗಿಟ್ಟು ಡಿಎಸ್‌ಪಿ (ಸದ್ದಿನ ಸಂಕೇತವನ್ನು ಲೆಕ್ಕಹಾಕಿ ತಿದ್ದುವ ಡಿಜಿಟಲ್ ಚಿಪ್ಪು) ಇರುವ ಹೊಸ ಆಂಪ್, ಹೊಸ ಸ್ಪೀಕರುಗಳೊಂದಿಗೆ ಪೂರ್ತಿಯಾಗಿ ಹೊಸತಾಗಿ ಕಟ್ಟುವುದು. ಜೆಎಲ್ ಆಡಿಯೊದ ಫಿಕ್ಸ್, ಆಡಿಯೊಕಂಟ್ರೋಲಿನ ಎಲ್‌ಸಿ ಸರಣಿ, ಜರ್ಮನಿಯ ಹೆಲಿಕ್ಸ್ ಡಿಎಸ್‌ಪಿಗಳು ಕಂಪನಿಯ ಸಂಕೇತವನ್ನು ಸ್ಪೀಕರ್ ತಂತಿಯಿಂದಲೇ ಪಡೆದು ಮುಂದಕ್ಕೆ ಕಳಿಸಬಲ್ಲವು. ಡಿಎಸ್‌ಪಿಯ ಇನ್ನೊಂದು ಕೊಡುಗೆ ಕಾಲದ ಹೊಂದಾಣಿಕೆ: ಚಾಲಕನಿಗೆ ಒಂದು ಬಾಗಿಲು ಹತ್ತಿರ, ಇನ್ನೊಂದು ದೂರ. 34 ಸೆಂಟಿಮೀಟರಿನ ಅಂತರಕ್ಕೆ ಸದ್ದು ಒಂದು ಮಿಲಿಸೆಕೆಂಡ್ ತಡವಾಗುತ್ತದೆ, ಹತ್ತಿರದ ಸ್ಪೀಕರನ್ನು ಅಷ್ಟೇ ತಡಮಾಡಿದರೆ ಹಾಡು ನಡುವಿಗೆ ಬಂದು ನಿಲ್ಲುತ್ತದೆ. ಇದರ ಒಟ್ಟು ವೆಚ್ಚ 1,000 ಡಾಲರಿಗೆ ಕಡಿಮೆಯಾಗದು, ಕೂಲಿ ಬೇರೆ. ಟಾಪ್ ತೆರೆದಾಗ ಈ ಸೊಗಸಿನ ಅರ್ಧ ಗಾಳಿಗೆ ಹೋಗುತ್ತದೆ ಎಂಬುದನ್ನು ಮರೆಯಬಾರದು. ಕಂಬಳಿಯ ಮೇಲೆ ಕೂತು ಉಣ್ಣುವಾಗ ಕೂದಲೆಣಿಸಿ ಪ್ರಯೋಜನವಿಲ್ಲ.

ಎಂಎಕ್ಸ್-5 ಅಲ್ಲದವರಿಗೆ

ಕೆಲವು ಕಾರುಗಳಲ್ಲಿ ಸ್ಪೀಕರ್ ಎಂಜಿನ್ನಿನ ದನಿಯನ್ನೂ ಹೊರಡಿಸುತ್ತದೆ. 2011ರ ಬಿಎಂಡಬ್ಲ್ಯು ಎಂ5, ನಾಲ್ಕು ಸಿಲಿಂಡರಿನ ಮಸ್ಟಾಂಗ್ ಇಕೊಬೂಸ್ಟ್, ಎರಡನೆಯ ಪೀಳಿಗೆಯ ಸುಬಾರು ಬಿಆರ್‌ಜ಼ಡ್ ಹಾಗೂ ಜಿಆರ್86 ಈ ಜಾತಿಯವು. ಹೆಚ್ಚು ಸೆನ್ಸಿಟಿವಿಟಿಯ ಸ್ಪೀಕರ್ ಹಾಕಿದರೆ ಈ ಕೃತಕ ಗರ್ಜನೆಯೂ ಜೋರಾಗುತ್ತದೆ, ಆಂಪನ್ನು ಬದಲಿಸಿದರೆ ಮಾಯವಾಗಲೂಬಹುದು. ಅದು ವರವೋ ಶಾಪವೋ ನಿಮ್ಮ ಅಭಿರುಚಿಗೆ ಬಿಟ್ಟದ್ದು. ಮೈಕ್ರೊಫೋನಿಟ್ಟು ಗದ್ದಲವನ್ನು ಅಳಿಸುವ ವ್ಯವಸ್ಥೆ ಇರುವ ಕಾರಿಗೆ ಸಬ್‌ವೂಫರ್ ಸೇರಿಸಿದರೆ, ಆ ವ್ಯವಸ್ಥೆ ಸಂಗೀತವನ್ನೇ ಗದ್ದಲವೆಂದು ತಿಳಿದು ವಿಚಿತ್ರವಾಗಿ ಗುಂಯ್‌ಗುಡುತ್ತದೆ, ಮೊದಲು ಅದನ್ನು ನಿಲ್ಲಿಸಬೇಕಾಗುತ್ತದೆ.

ಪೋರ್ಷೆ ಬಾಕ್ಸ್‌ಸ್ಟರಿನ 987ರಂಥ ಮಾದರಿಗಳಲ್ಲಿ ಪ್ರತ್ಯೇಕ ಆಂಪ್ ಇದ್ದರೆ ಸಂಕೇತ ಹರಿಯುವುದು ಮೋಸ್ಟ್ ಎಂಬ ಗಾಜಿನೆಳೆಯಂಥ ಬೆಳಕಿನ ತಂತಿಯಲ್ಲಿ. ಅದನ್ನು ಕತ್ತರಿಸಿ ಜೋಡಿಸಲಾಗದು, ಅದಕ್ಕೆಂದೇ ತಯಾರಾದ ಪರಿವರ್ತಕ ಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೂರರಿಂದ ಎಂಟು ಸಾವಿರ ರೂಪಾಯಿಗೆ ಒಳ್ಳೆಯ ಕೊಯಾಕ್ಸಿಯಲ್ ಸಿಗುತ್ತದೆ, ಕೈ ಚುರುಕಿನ ಕೆಲಸಗಾರರೂ ಸಿಗುತ್ತಾರೆ. ಆದರೆ ಇಂಥ ಕಾರನ್ನು ಒಪ್ಪಿಸುವ ಮೊದಲು ಅದೇ ಮಾದರಿಯ ಬಾಗಿಲನ್ನು ಹಿಂದೆ ಬಿಚ್ಚಿದ್ದೀರಾ ಎಂದು ನೇರವಾಗಿ ಕೇಳಿ, ಏರ್‌ಬ್ಯಾಗ್ ಬಾಗಿಲಿನಲ್ಲಿದೆಯೇ ಎಂಬುದು ಅವರಿಗೆ ಗೊತ್ತಿದೆಯೇ ನೋಡಿ. ವಾರಂಟಿ ಉಳಿದಿರುವ ಕಾರಾದರೆ ಒಂದು ತಂತಿಯನ್ನೂ ಕತ್ತರಿಸಬಾರದೆಂಬ ಷರತ್ತನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಮಂಗಳೂರು, ಉಡುಪಿ, ಕಾರವಾರದವರು ಮರೈನ್ ಸ್ಪೀಕರಿನ ಮಾತನ್ನು ಮತ್ತೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಕೆಲಸ ಮುಗಿದ ದಿನ

ಬಾಗಿಲಿನ ಪ್ಯಾನೆಲ್ ಮತ್ತೆ ಕೂರಿಸುವ ಮೊದಲು ಗಾಜನ್ನು ಪೂರ್ತಿ ಇಳಿಸಿ ನೋಡಿ. ಸ್ಪೀಕರಿನ ಮ್ಯಾಗ್ನೆಟ್ಟಿಗೆ ಗಾಜು ತಾಗಿದರೆ ಅದು ಗೊತ್ತಾಗಬೇಕಾದದ್ದು ಆಗಲೇ. ಎಡ ಬಲ ಎರಡೂ ಸ್ಪೀಕರಿನ ಪ್ಲಸ್ ಮೈನಸ್ ಸರಿಯಾಗಿದೆಯೇ ಪರೀಕ್ಷಿಸಿ. ಒಂದು ಕಡೆ ತಿರುಗುಮುರುಗಾದರೆ ಕೆಳಸ್ಥಾಯಿ ಇದ್ದಕ್ಕಿದ್ದಂತೆ ಕಾಣೆಯಾಗುತ್ತದೆ, ಅನೇಕರು ಆಗ ಸ್ಪೀಕರನ್ನು ಬೈಯುತ್ತಾರೆ. ಸೀಟ್‌ಬೆಲ್ಟಿನ ಎಚ್ಚರಿಕೆ, ಇಂಡಿಕೇಟರಿನ ಟಿಕ್‌ಟಿಕ್ ಮೊದಲಿನಂತೆ ಕೇಳಿಸುತ್ತಿವೆಯೇ ಗಮನಿಸಿ, ಕೆಲವು ಕಾರುಗಳಲ್ಲಿ ಅವೂ ಇದೇ ಸ್ಪೀಕರುಗಳಿಂದ ಬರುತ್ತವೆ. ಆಮೇಲೆ ಗಾಜು ಏರಿಸಿ, ಹೊರಗಿನಿಂದ ಅದರ ಮೇಲೆ ಒಂದು ಚೊಂಬು ನೀರನ್ನು ನಿಧಾನವಾಗಿ ಸುರಿದು, ಬಾಗಿಲಿನ ತಳದ ಕಡೆ ಬಗ್ಗಿ ನೋಡಿ. ನೀರು ಅಲ್ಲಿಂದ ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ಡ್ಯಾಂಪಿಂಗ್ ಶೀಟು ಆ ರಂಧ್ರವನ್ನು ಮುಚ್ಚಿದೆ ಎಂದರ್ಥ, ಅಂದೇ ಸಂಜೆ ಪ್ಯಾನೆಲನ್ನು ಮತ್ತೆ ಬಿಚ್ಚಿ.